ದಂಡಿ ಬದಲಾದ ವೀಣೆ

ವಿಜಯವಾಡದ ಮನೆಯನ್ನು ಖಾಲಿಮಾಡಿ ವಿಶಾಖಪಟ್ಟಣಕ್ಕೆ ಬಂದ ದಿನ ಲಾರಿಯಿಂದ ಇಳಿದ ವಸ್ತುಗಳಲ್ಲಿ ಮುರಿದದ್ದು ಎರಡೇ. ಒಂದು ನಿಲುಗನ್ನಡಿ, ಇನ್ನೊಂದು ನಮ್ಮ ತಾಯಿಯ ವೀಣೆ. ಕನ್ನಡಿಯ ವಿಷಯವನ್ನು ಯಾರೂ ಎತ್ತಲಿಲ್ಲ. ವೀಣೆಯನ್ನು ಎರಡು ಹಾಸಿಗೆಗಳ ನಡುವೆ ಇರಿಸಿ, ತಂತಿಗಳನ್ನು ಸಡಿಲಿಸಿ, ಹಳೆಯ ಸೀರೆಗಳಿಂದ ಸುತ್ತಿ, ಸಾಗಣೆಯವರಿಗೆ ಮೂರು ಬಾರಿ ಹೇಳಿ ಕಳುಹಿಸಿದ್ದೆವು. ದಾರಿಯಲ್ಲಿ ಯಾರೋ ಅದರ ಮೇಲೆ ಕಬ್ಬಿಣದ ಬೀರುವನ್ನು ಒರಗಿಸಿದ್ದರು. ಸೀರೆ ಬಿಚ್ಚಿ ನೋಡಿದಾಗ ಕೊಡ ಇದ್ದಂತೆಯೇ ಇತ್ತು, ಯಾಳಿಯ ಒಂದು ಹಲ್ಲೂ ಉದುರಿರಲಿಲ್ಲ. ಆದರೆ ದಂಡಿ ಮಾತ್ರ ಕೊಡದ ಹೆಗಲಿನಿಂದ ಒಂದು ಗೇಣು ಆಚೆಗೆ, ಕಬ್ಬಿನ ಜಲ್ಲೆಯನ್ನು ಮುರಿದಂತೆ, ನಾರುನಾರಾಗಿ ಸೀಳಿಕೊಂಡಿತ್ತು. ಸಡಿಲಾದ ತಂತಿಗಳು ಎರಡು ತುಂಡುಗಳನ್ನೂ ಹೇಗೋ ಹಿಡಿದುಕೊಂಡಿದ್ದವು.

ಆಮೇಲಿನ ಎಂಟು ತಿಂಗಳಲ್ಲಿ ಈ ಮುರಿದ ವಾದ್ಯದ ಸುತ್ತ ನಮ್ಮ ಮನೆಯಲ್ಲಿ ನಡೆದ ವಾದವೇ ಈ ಬರಹಕ್ಕೆ ಕಾರಣ. ಹಳೆಯ ವೀಣೆಗೆ ಹೊಸ ದಂಡಿ ಹಾಕಿಸಬಹುದೆ? ಹಾಕಿಸಿದರೆ ಅದು ಅದೇ ವೀಣೆಯೆ? ಪ್ರಶ್ನೆ ಸಣ್ಣದೆಂದು ತೋರುತ್ತದೆ. ನಾವು ಒಡಹುಟ್ಟಿದ ಮೂವರು ಅದರ ಮೇಲೆ ಒಂದು ತಿಂಗಳು ಪರಸ್ಪರ ಮಾತು ಬಿಟ್ಟಿದ್ದೆವು ಎಂದರೆ ಅದು ಅಷ್ಟು ಸಣ್ಣದಲ್ಲವೆಂದು ಓದುಗರು ಒಪ್ಪಿಯಾರು.

ಮೊದಲು ವೀಣೆಯ ಪೂರ್ವವೃತ್ತಾಂತ. ನಮ್ಮ ತಾಯಿ ಮೈಸೂರಿನವರು. ಮದುವೆಯಾಗಿ, ರೈಲ್ವೆಯಲ್ಲಿದ್ದ ತಂದೆಯವರೊಡನೆ ವಿಜಯವಾಡಕ್ಕೆ ಬಂದಾಗ ತವರಿನ ಬೀಟೆಮರದ ವೀಣೆ ತವರಿನಲ್ಲೇ ಉಳಿಯಿತು. ಅದು ಮನೆಯ ಆಸ್ತಿ, ಹೊರಗೆ ಕೊಟ್ಟ ಮಗಳ ಆಸ್ತಿಯಲ್ಲ ಎಂಬುದು ಆ ಕಾಲದ ತೀರ್ಮಾನ. ಎರಡು ಮೂರು ವರ್ಷ ಅವರು ಕೈ ಕಟ್ಟಿಕೊಂಡೇ ಇದ್ದರು. 1971ರಲ್ಲಿ ತಂದೆಯವರು ಅವರನ್ನು ಬಸ್ಸಿನಲ್ಲಿ ನೂಜಿವೀಡಿಗೆ ಕರೆದೊಯ್ದು ಹಲಸಿನ ಮರದ ವೀಣೆಯೊಂದನ್ನು ಕೊಡಿಸಿದರು. ನೂಜಿವೀಡು ವಿಜಯವಾಡದಿಂದ ನಲವತ್ತು ಚಿಲ್ಲರೆ ಕಿಲೋಮೀಟರು ದೂರದ ಊರು. ಆಗ ಕೃಷ್ಣಾ ಜಿಲ್ಲೆಯಲ್ಲಿತ್ತು, 2022ರ ಜಿಲ್ಲಾ ಪುನರ್ವಿಂಗಡಣೆಯ ಬಳಿಕ ಏಲೂರು ಜಿಲ್ಲೆಗೆ ಸೇರಿದೆ. ಹೊರಗಿನವರಿಗೆ ಅದು ಮಾವಿನ ಹಣ್ಣಿನ ಊರು, ವೈಣಿಕರಿಗೆ ವೀಣೆಯ ಊರು. ಹೀಗೆ ಮೈಸೂರಿನ ಕೈಗೆ ಆಂಧ್ರದ ಮರ ಒದಗಿತು. ಮುಂದಿನ ನಾಲ್ಕು ದಶಕ ಆ ಕೈ ಆ ಮರದ ಮೇಲೆಯೇ ಆಡಿತು.

ಆ ವೀಣೆಯ ಹೆಮ್ಮೆ ಏನೆಂದರೆ ಅದು ಏಕಾಂಡ. ಅಂದರೆ ಕೊಡ, ದಂಡಿ, ಯಾಳಿ ಮೂರನ್ನೂ ಒಂದೇ ದಿಮ್ಮಿಯಿಂದ ಕೆತ್ತಿದ್ದು. ಜೋಡಣೆಯ ವೀಣೆಯಲ್ಲಿ ಇವನ್ನು ಬೇರೆ ಬೇರೆಯಾಗಿ ಮಾಡಿ ಸೇರಿಸುತ್ತಾರೆ. ಏಕಾಂಡಕ್ಕೆ ದೊಡ್ಡ ಮರ ಬೇಕು, ಕೆತ್ತಿ ಬಿಸಾಡುವ ಭಾಗವೇ ಹೆಚ್ಚು, ಶ್ರಮ ಹೆಚ್ಚು, ಬೆಲೆ ಹೆಚ್ಚು. ಮನೆಗೆ ಬಂದವರಿಗೆಲ್ಲ ತಂದೆಯವರು ಕೊಡ ಮತ್ತು ದಂಡಿ ಕೂಡುವ ಜಾಗವನ್ನು ತೋರಿಸಿ, ‘ಇಲ್ಲಿ ಉಗುರು ಸಿಕ್ಕಿಸಿ ನೋಡಿ, ಸಂದು ಸಿಕ್ಕರೆ ಹೇಳಿ’ ಎನ್ನುತ್ತಿದ್ದರು. ಅವರಿಗೆ ಸಂಗೀತ ಅಷ್ಟಾಗಿ ತಿಳಿಯದು. ಸಂದಿಲ್ಲದಿರುವುದು ಅವರಿಗೆ ತಿಳಿಯುವ ಗುಣವಾಗಿತ್ತು.

ಇಂಥ ವೀಣೆಯ ದಂಡಿ ಮುರಿದಾಗ ಸಲಹೆಗಳಿಗೆ ಬರವಿರಲಿಲ್ಲ. ಹೊಸ ವೀಣೆ ಕೊಳ್ಳಿ, ಹಳೆಯದನ್ನು ಅಂಟಿಸಿ ಗೋಡೆಗೆ ಒರಗಿಸಿ ಎಂದರು ಹೆಚ್ಚಿನವರು. ವಿಜಯವಾಡದಲ್ಲಿ ಹಳೆಯ ಸಾಮಾನುಗಳ ವ್ಯಾಪಾರ ಮಾಡುವ ಪರಿಚಿತರೊಬ್ಬರು ಹೇಳಿದ್ದು ಇನ್ನೂ ವಿಚಿತ್ರ. ಏಕಾಂಡ ವೀಣೆ ಮುರಿದಿದ್ದರೂ ಏಕಾಂಡವೇ, ಅದಕ್ಕೆ ಕೊಳ್ಳುವವರಿದ್ದಾರೆ, ಆದರೆ ಒಮ್ಮೆ ದಂಡಿ ಬದಲಾಯಿಸಿದಿರೋ ಅದು ಬರಿಯ ಸೆಕೆಂಡ್‌ಹ್ಯಾಂಡ್ ವಾದ್ಯ. ಅವರ ಲೆಕ್ಕದಲ್ಲಿ ನುಡಿಯುವ ವೀಣೆಗಿಂತ ನುಡಿಯದ ವೀಣೆಗೆ ಬೆಲೆ ಜಾಸ್ತಿ. ಸರ್ಕಾರಿ ಕಚೇರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಇದರ ತದ್ವಿರುದ್ಧ ತರ್ಕ ಪರಿಚಿತ. ನಮ್ಮಲ್ಲಿ ಕುರ್ಚಿಯೊಂದರ ಕಾಲು ಮುರಿದರೆ ಅದನ್ನು ನಿರುಪಯುಕ್ತವೆಂದು ಘೋಷಿಸಲು ನಿಯಮವಿದೆ, ಸಮಿತಿಯಿದೆ, ನಮೂನೆಯಿದೆ. ಆದರೆ ಮುರಿದದ್ದಕ್ಕೇ ಮೌಲ್ಯ ಕಟ್ಟುವ ನಮೂನೆ ಇಲ್ಲ. ಎರಡೂ ತರ್ಕಗಳು ದುರಸ್ತಿಯನ್ನು ಮಾತ್ರ ಒಲ್ಲವು ಎಂಬುದು ಆಗ ನಮಗೆ ಹೊಳೆಯಿತು.

ಏಕಾಂಡದ ಈ ಮಹಿಮೆಯನ್ನು ಸ್ವಲ್ಪ ಪರೀಕ್ಷಿಸಬೇಕು. ಒಂದೇ ಮರವಾದ್ದರಿಂದ ನಾದ ಎಲ್ಲಿಯೂ ತಡೆಯಿಲ್ಲದೆ ಹರಿಯುತ್ತದೆ, ಮೀಟಿದ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದು ಅದರ ಪರವಾದ ವಾದ. ಇದನ್ನು ಅನುಭವಿಗಳಾದ ವೈಣಿಕರು ಹೇಳುತ್ತಾರೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಜೋಡಣೆಯ ವೀಣೆಯಲ್ಲಿಯೇ ಜೀವಮಾನವಿಡೀ ಕಛೇರಿ ಮಾಡಿದವರೂ ಇದ್ದಾರೆ, ಅವರ ನಾದ ಕುಂಟಿದ್ದನ್ನು ಯಾರೂ ಕೇಳಿಲ್ಲ. ಅದಕ್ಕಿಂತ ಮುಖ್ಯವಾಗಿ, ಏಕಾಂಡವೆಂಬ ವೀಣೆಯೂ ನಿಜಕ್ಕೂ ಒಂದೇ ಮರವಲ್ಲ. ಕೊಡದ ಮೇಲಿನ ಹಲಗೆ ಬೇರೆ, ನಾದ ಹುಟ್ಟುವುದು ಮುಖ್ಯವಾಗಿ ಆ ಹಲಗೆ ಕಂಪಿಸುವುದರಿಂದ. ತಂತಿಯ ಕಂಪನವನ್ನು ಹಲಗೆಗೆ ದಾಟಿಸುವ ಕುದುರೆ ಬೇರೆ. ದಂಡಿಯ ಒಳಗನ್ನು ತೋಡಿ ಮೇಲೆ ಮುಚ್ಚುವ ಪಟ್ಟಿ ಬೇರೆ. ಬಿರಡೆಗಳು ಬೇರೆ. ಎಡಗಡೆಯ ಬುರುಡೆ ಸೋರೆಯದೋ ಕಾಗದದ ರದ್ದಿಯದೋ, ಅದನ್ನು ತಿರುಪಿನಿಂದ ಸಿಕ್ಕಿಸುತ್ತಾರೆ. ಇನ್ನು ಇಪ್ಪತ್ತನಾಲ್ಕು ಮೆಟ್ಟಿಲುಗಳು ಕೂತಿರುವುದು ಮರದ ಮೇಲೂ ಅಲ್ಲ, ಜೇನುಮೇಣಕ್ಕೆ ಇದ್ದಿಲಿನ ಪುಡಿ ಮೊದಲಾದುವನ್ನು ಬೆರೆಸಿ ಕಟ್ಟಿದ ಎರಡು ಕರಿಯ ದಿಂಡುಗಳ ಮೇಲೆ.

ಈ ಮೇಣದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ವಿಜಯವಾಡದ ಮೇ ತಿಂಗಳನ್ನು ಬಲ್ಲವರು ಬಲ್ಲರು. ಆ ಊರಿನ ಹಳೆಯ ಹೆಸರಾದ ಬೆಜವಾಡವನ್ನು ಬಿಸಿಲಿಗೆ ಹೋಲಿಸಿ ಬ್ಲೇಜ್‌ವಾಡ ಎನ್ನುವ ತಮಾಷೆ ಸುಮ್ಮನೆ ಹುಟ್ಟಿದ್ದಲ್ಲ. ಅಲ್ಲಿ ಬೇಸಿಗೆಯ ಮಧ್ಯಾಹ್ನ ವೀಣೆ ಮುಟ್ಟಿದರೆ ಮೆಟ್ಟಿಲು ಬೆರಳಿನೊಡನೆಯೇ ಸರಿಯುತ್ತದೆ. ನಮ್ಮ ತಾಯಿ ಯುಗಾದಿಯಿಂದ ಮೃಗಶಿರದವರೆಗೆ ಬೆಳಗಿನ ಏಳರೊಳಗೆ ನುಡಿಸಿ ಮುಗಿಸುತ್ತಿದ್ದರು. ಆದರೂ ಕೆಲವು ವರ್ಷಗಳಿಗೊಮ್ಮೆ ಮೇಳ ಕಟ್ಟುವವರನ್ನು ಕರೆಸಲೇಬೇಕಾಗುತ್ತಿತ್ತು. ಅವರು ಹಳೆಯ ಮೇಣವನ್ನು ಕೆತ್ತಿ ತೆಗೆದು, ಕಾಸಿ, ಮತ್ತೆ ದಿಂಡು ಕಟ್ಟಿ, ಒಂದೊಂದೇ ಮೆಟ್ಟಿಲನ್ನು ಕಿವಿಯಿಂದ ಅಳೆದು ಕೂರಿಸುತ್ತಿದ್ದರು. ಯಾವ ಅಳತೆಪಟ್ಟಿಯೂ ಇಲ್ಲ. ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ, ಎರಡು ದಿನದ ಕೆಲಸ. ಎಂದರೆ ವೀಣೆಯ ಸ್ವರಸ್ಥಾನಗಳು ಕಾಲಕಾಲಕ್ಕೆ ಅಳಿಸಿ ಹೊಸದಾಗಿ ಬರೆಯಲ್ಪಡುತ್ತವೆ. ದುರಸ್ತಿ ಈ ವಾದ್ಯಕ್ಕೆ ಆಕಸ್ಮಿಕವಲ್ಲ, ಅದರ ರಚನೆಯೊಳಗೇ ಅದನ್ನು ಇಟ್ಟಿದ್ದಾರೆ. ಇಪ್ಪತ್ತನಾಲ್ಕು ಮೆಟ್ಟಿಲಿನ ಸರಸ್ವತಿ ವೀಣೆಯ ಇಂದಿನ ರೂಪವೂ ಆದಿಕಾಲದಿಂದ ಬಂದದ್ದಲ್ಲ. ಅದು 17ನೆಯ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಆಸ್ಥಾನದಲ್ಲಿ ನೆಲೆಗೊಂಡಿತೆಂದು ಹೇಳುವ ವಾಡಿಕೆ. ಅದಕ್ಕೆ ಹಿಂದೆ ರಾಗಕ್ಕೆ ತಕ್ಕಂತೆ ಸರಿಸುವ ಮೆಟ್ಟಿಲುಗಳಿದ್ದವು. ವೀಣೆಯೆಂಬ ಕಲ್ಪನೆಯ ದಂಡಿಯೇ ಒಮ್ಮೆ ಬದಲಾಗಿದೆ ಎಂದರೂ ನಡೆದೀತು.

ಹಾಗಿದ್ದರೆ ದಂಡಿ ಮಾತ್ರ ಏಕೆ ಮುಟ್ಟಬಾರದ ಭಾಗವಾಗಬೇಕು? ಜಗತ್ತಿನಲ್ಲಿ ಅತಿ ದುಬಾರಿಯಾದ ವಾದ್ಯಗಳು ಯಾವುವೆಂದರೆ ಇಟಲಿಯ ಕ್ರೆಮೋನದಲ್ಲಿ ಆಂಟೋನಿಯೊ ಸ್ಟ್ರಾಡಿವಾರಿ ಮಾಡಿದ ಪಿಟೀಲುಗಳು. ಅವನು 1737ರಲ್ಲಿ ತೀರಿಕೊಂಡ. ಅವನ ಪಿಟೀಲುಗಳಲ್ಲಿ ಬಹುಪಾಲು ಎಲ್ಲವುಗಳ ಕತ್ತನ್ನೂ 18ನೆಯ ಶತಮಾನದ ಕೊನೆಯಿಂದ 19ನೆಯ ಶತಮಾನದ ಅವಧಿಯಲ್ಲಿ ಬದಲಾಯಿಸಲಾಯಿತು. ಸಭಾಂಗಣಗಳು ದೊಡ್ಡವಾದವು, ಶ್ರುತಿ ಏರಿತು, ವಾದಕರಿಗೆ ಮೇಲಿನ ಸ್ಥಾಯಿಯಲ್ಲಿ ಇನ್ನಷ್ಟು ಜಾಗ ಬೇಕಾಯಿತು. ಗಿಡ್ಡವಾಗಿದ್ದ ಕತ್ತನ್ನು ತೆಗೆದು, ಉದ್ದವಾದ, ಹಿಂದಕ್ಕೆ ವಾಲಿದ ಹೊಸ ಕತ್ತನ್ನು ಹಾಕಿದರು. ತುದಿಯ ಸುರುಳಿಯನ್ನು ಮಾತ್ರ ಹಳೆಯದನ್ನೇ ಉಳಿಸಿಕೊಂಡು ಹೊಸ ಕತ್ತಿಗೆ ಕಸಿಮಾಡಿದರು. ಇಂದು ಕೋಟಿಗಟ್ಟಲೆ ಬೆಲೆಗೆ ಹರಾಜಾಗುವ, ಶ್ರೇಷ್ಠ ವಾದಕರು ಕಛೇರಿಗಳಲ್ಲಿ ನುಡಿಸುವ ಸ್ಟ್ರಾಡಿವಾರಿಗಳು ಕತ್ತು ಬದಲಾದ ವಾದ್ಯಗಳೇ. ಮೂಲ ಕತ್ತನ್ನೂ ಮೂಲ ಸ್ಥಿತಿಯನ್ನೂ ಉಳಿಸಿಕೊಂಡು ಬಂದ ಅಪರೂಪದ ಒಂದೆಂದರೆ 1690ರಲ್ಲಿ ಮೆಡಿಚಿ ಮನೆತನಕ್ಕಾಗಿ ಮಾಡಿದ ದೊಡ್ಡ ವಯೋಲ. ಅದು ಫ್ಲಾರೆನ್ಸಿನ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇದೆ. ವಿದ್ವಾಂಸರಿಗೆ ಅದು ಅಮೂಲ್ಯ, ನಿಜ. ಆದರೆ ಮಿಕ್ಕ ಪಿಟೀಲುಗಳೂ ಹಾಗೆಯೇ ಗಾಜಿನ ಹಿಂದೆ ಉಳಿದಿದ್ದರೆ ಸ್ಟ್ರಾಡಿವಾರಿ ಎಂಬ ಹೆಸರನ್ನು ನಾವು ನೀವು ಕೇಳುತ್ತಿದ್ದೆವೆ?

ಅಮೆರಿಕದ ಬ್ಯಾಂಜೊ ಕಥೆ ಇನ್ನೂ ಸ್ವಾರಸ್ಯಕರ. (ನಮ್ಮ ಮದುವೆ ಮೆರವಣಿಗೆಗಳಲ್ಲಿ ಬ್ಯಾಂಜೊ ಎಂದು ಕರೆಯುವ, ಟೈಪ್‌ರೈಟರಿನಂಥ ಗುಂಡಿಗಳುಳ್ಳ ಪೆಟ್ಟಿಗೆ ಅದಲ್ಲ. ಅದರ ಮೂಲ 1912ರಲ್ಲಿ ಜಪಾನಿನ ನಗೋಯದಲ್ಲಿ ಹುಟ್ಟಿದ ತೈಶೋಗೊಟೊ. ಹೆಸರನ್ನು ಮಾತ್ರ ಎಲ್ಲಿಂದಲೋ ಎರವಲು ತಂದಿದ್ದೇವೆ.) ನಿಜವಾದ ಬ್ಯಾಂಜೊ ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕದ ಜನ ಸೋರೆಬುರುಡೆಗೆ ಚರ್ಮ ಬಿಗಿದು ಕಟ್ಟಿಕೊಂಡ ವಾದ್ಯದಿಂದ ಬೆಳೆದದ್ದು. 1920ರ ದಶಕದಲ್ಲಿ ಜಾಜ್ ಮೇಳಗಳಿಗಾಗಿ ನಾಲ್ಕು ತಂತಿಯ ಬ್ಯಾಂಜೊಗಳನ್ನು ರಾಶಿರಾಶಿಯಾಗಿ ಮಾಡಿದರು. ಮುಂದೆ ಜಾಜ್‌ನವರು ಗಿಟಾರಿಗೆ ಹೊರಳಿಕೊಂಡರು, ಬ್ಯಾಂಜೊಗಳು ಅಟ್ಟ ಸೇರಿದವು. ಎರಡನೆಯ ಮಹಾಯುದ್ಧದ ಬಳಿಕ ಬ್ಲೂಗ್ರಾಸ್ ಸಂಗೀತ ಬೆಳೆದು ಐದು ತಂತಿಯ ಬ್ಯಾಂಜೊಗಳಿಗೆ ಬೇಡಿಕೆ ಬಂದಾಗ, ಕುಶಲಕರ್ಮಿಗಳು ಅಟ್ಟದ ವಾದ್ಯಗಳ ಹಳೆಯ ಬುಡವನ್ನು ಇಟ್ಟುಕೊಂಡು, ನಾಲ್ಕು ತಂತಿಯ ಕತ್ತನ್ನು ತೆಗೆದು, ಐದು ತಂತಿಯ ಹೊಸ ಕತ್ತನ್ನು ಕೂಡಿಸಿದರು. ಹಾಗೆ ಮಾರ್ಪಟ್ಟ ಗಿಬ್ಸನ್ ಬ್ಯಾಂಜೊಗಳನ್ನು ಇಂದಿಗೂ ವಾದಕರು ಹುಡುಕಿ ಕೊಳ್ಳುತ್ತಾರೆ. ಸಂಗ್ರಾಹಕರು ಅವುಗಳಿಗೆ ಕಡಿಮೆ ಬೆಲೆ ಕಟ್ಟುತ್ತಾರೆ. ಆದ್ದರಿಂದಲೇ ಅವು ನುಡಿಸುವವರ ಕೈಗೆಟಕುತ್ತವೆ ಎಂಬುದು ಬೇರೆ ಮಾತು. ನಾವು ಗಮನಿಸಿದ್ದು ಇಷ್ಟು: ಅಲ್ಲಿ ಮಾರುವವನು ‘ಬುಡ ಇಂಥ ವರ್ಷದ್ದು, ಕತ್ತು ಹೊಸದು’ ಎಂದು ನೇರವಾಗಿ ಹೇಳುತ್ತಾನೆ. ಅದರಲ್ಲಿ ಅವಮಾನವಿಲ್ಲ, ಮುಚ್ಚುಮರೆಯಿಲ್ಲ. ನಮ್ಮಲ್ಲಿಯೋ, ಜೋಡಣೆಯ ವೀಣೆಯ ಸಂದಿನ ಮೇಲೆ ಬಣ್ಣ ಬಳಿದು, ಅದರ ಮೇಲೆ ದಂತದಂತೆ ಕಾಣುವ ಪ್ಲಾಸ್ಟಿಕ್ಕಿನ ಬಳ್ಳಿ ಅಂಟಿಸಿ, ಏಕಾಂಡವೆಂದು ಮಾರಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಏಕಾಂಡಕ್ಕೆ ನಾವು ಹೊರಿಸಿದ ಅತಿಮೌಲ್ಯವೇ ಈ ಸುಳ್ಳನ್ನು ಹುಟ್ಟಿಸಿದ್ದು.

ಇಷ್ಟೆಲ್ಲ ಹೇಳಿ ನಮ್ಮ ಅಕ್ಕನನ್ನು ಒಪ್ಪಿಸಬಹುದೆಂದು ಮಿಕ್ಕಿಬ್ಬರು ನಂಬಿದ್ದೆವು. ಆಕೆ ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದಳು: ‘ಅಮ್ಮ ಮುಟ್ಟುತ್ತಿದ್ದುದು ಕೊಡವನ್ನಲ್ಲ.’

ಇದಕ್ಕೆ ಉತ್ತರವಿರಲಿಲ್ಲ. ಕೊಡದಿಂದ ನಾದ ಬರುತ್ತದೆ, ಸರಿ. ಆದರೆ ಎಡಗೈ ನಲವತ್ತು ವರ್ಷ ಓಡಾಡಿದ್ದು ದಂಡಿಯ ಮೇಲೆ. ಹೆಬ್ಬೆರಳು ಒತ್ತಿ ಜಾರುವ ಜಾಗದಲ್ಲಿ ಅರಗಿನ ಬಣ್ಣ ಸವೆದು, ಮರದ ಹಳದಿ ಹೊರಗೆ ಬಂದು, ಅದೂ ಕಂದಾಗಿ, ಕೊನೆಗೆ ಅಲ್ಲೊಂದು ನುಣುಪಾದ ತಗ್ಗು ಬಿದ್ದಿತ್ತು. ಕಣ್ಣು ಮುಚ್ಚಿ ಮುಟ್ಟಿದರೂ ಅದು ಅವರ ವೀಣೆಯೆಂದು ತಿಳಿಯುತ್ತಿತ್ತು. ಪಿಟೀಲಿನ ಕತ್ತನ್ನು ಬದಲಾಯಿಸಿದವರಿಗೆ ಅದನ್ನು ಹಿಂದೆ ನುಡಿಸಿದವರು ತಾಯಿಯಾಗಿರಲಿಲ್ಲವಲ್ಲ. ಥೀಸಿಯಸ್ಸಿನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸಿದರೆ ಅದು ಅದೇ ಹಡಗೆ ಎಂದು ಗ್ರೀಕರು ಕೇಳಿದ ಪ್ರಶ್ನೆಯನ್ನೂ, ರಥವೆಂದರೆ ಚಕ್ರವೋ ಅಚ್ಚೋ ನೊಗವೋ ಎಂದು ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ಕೇಳಿದ್ದನ್ನೂ ನಾವು ಓದಿದ್ದೇವೆ. ಆ ಎರಡು ಪ್ರಸಂಗಗಳಲ್ಲಿಯೂ ಹಲಗೆಯ ಮೇಲೆ ಯಾರದಾದರೂ ಹೆಬ್ಬೆರಳಿನ ಗುರುತು ಇತ್ತೇ ಎಂಬ ಪ್ರಸ್ತಾಪ ಬರುವುದಿಲ್ಲ. ಆದ್ದರಿಂದ ದಂಡಿ ಬದಲಾಯಿಸುವುದರಲ್ಲಿ ನಷ್ಟವೇ ಇಲ್ಲ ಎಂದು ನಾವು ವಾದಿಸುತ್ತಿಲ್ಲ. ನಷ್ಟವಿದೆ, ಅದು ಮುರಿದ ದಿನವೇ ಆಗಿಹೋಗಿತ್ತು. ಉಳಿದ ಪ್ರಶ್ನೆ, ಆ ನಷ್ಟದ ಜೊತೆಗೆ ನಾದವನ್ನೂ ಕಳೆದುಕೊಳ್ಳಬೇಕೆ ಎಂಬುದು.

ಆ ಪ್ರಶ್ನೆ ಬರಿಯ ತತ್ತ್ವದ್ದಾಗಿರಲಿಲ್ಲ, ಏಕೆಂದರೆ ಮನೆಯಲ್ಲಿ ವೀಣೆ ಕಲಿಯುವ ಹುಡುಗಿಯೊಬ್ಬಳಿದ್ದಳು. ಅಜ್ಜಿಯ ಬಳಿ ಸರಳೆ, ಜಂಟಿ ಮುಗಿಸಿ, ಇಲ್ಲಿ ತೆಲುಗಿನ ಶಿಕ್ಷಕಿಯೊಬ್ಬರ ಬಳಿ ವರ್ಣಕ್ಕೆ ಬಂದಿದ್ದಳು. ವೀಣೆ ಗೋಡೆಗೆ ಒರಗಿದರೆ ಅವಳಿಗೆ ಬೇರೆ ವೀಣೆ ಬೇಕು. ಬೇರೆ ವೀಣೆ ಬಂದರೆ ಇದು ಶಾಶ್ವತವಾಗಿ ಗೋಡೆಯದೇ. ಕೊನೆಗೆ ಅಕ್ಕನೇ, ‘ಮಾಡಿಸಿ, ಆದರೆ ಕಡಿಯುವಾಗ ನನ್ನನ್ನು ಕರೆಯಬೇಡಿ’ ಎಂದಳು.

ವಿಶಾಖಪಟ್ಟಣದಿಂದ ಬೊಬ್ಬಿಲಿಗೆ ನೂರು ಕಿಲೋಮೀಟರಿಗೂ ಸ್ವಲ್ಪ ಮೇಲೆ, ವಿಜಯನಗರದ ಮೇಲೆ ಹೋಗುವ ದಾರಿ. ಕನ್ನಡಿಗರು ಈ ವಿಜಯನಗರವನ್ನು ಹಂಪಿಯೊಡನೆ ಬೆರೆಸಬಾರದು. ಇದು ಪೂಸಪಾಟಿ ಅರಸರ ಊರು. ಇಲ್ಲಿನ ಮಹಾರಾಜರ ಸಂಗೀತ ಕಾಲೇಜು 1919ರಲ್ಲಿ ಶುರುವಾದದ್ದು, ಆದಿಭಟ್ಲ ನಾರಾಯಣದಾಸರು ಅದರ ಮೊದಲ ಪ್ರಾಂಶುಪಾಲರು. ಅವರ ಬಳಿಕ ಆ ಸ್ಥಾನಕ್ಕೆ ಬಂದ ಪಿಟೀಲು ವಿದ್ವಾಂಸ ದ್ವಾರಂ ವೆಂಕಟಸ್ವಾಮಿ ನಾಯುಡು ಅವರು ಹುಟ್ಟಿದ್ದು 1893ರಲ್ಲಿ ಬೆಂಗಳೂರಿನಲ್ಲಿ ಎಂದು ಹೇಳಿದರೆ ಇಲ್ಲಿನವರು ಹುಬ್ಬೇರಿಸುತ್ತಾರೆ, ನಮ್ಮವರೂ ಹುಬ್ಬೇರಿಸುತ್ತಾರೆ. ಆ ಕಾಲೇಜಿನ ಮುಂದೆ ಹಾದುಹೋಗುವಾಗ ಹಿಂದಿನ ಸೀಟಿನಲ್ಲಿ ಸೀರೆ ಸುತ್ತಿಕೊಂಡು ಮಲಗಿದ್ದ ವೀಣೆಗೆ ಅದನ್ನು ತೋರಿಸಬೇಕೆಂಬ ಹುಚ್ಚು ಆಸೆ ನಮಗೆ ಬಂದಿತ್ತು.

ಬೊಬ್ಬಿಲಿ ಎಂದರೆ ತೆಲುಗರಿಗೆ ಮೊದಲು ನೆನಪಾಗುವುದು 1757ರ ಯುದ್ಧ, ಆಮೇಲೆ ವೀಣೆ. ಪಕ್ಕದ ಗೊಲ್ಲಪಲ್ಲಿಯಲ್ಲಿ ಸರ್ವಸಿದ್ಧಿ ಮನೆತನದವರು ಅರಸರ ಆಶ್ರಯದ ಕಾಲದಿಂದ ಹಲಸಿನ ಒಂದೇ ದಿಮ್ಮಿಯಲ್ಲಿ ವೀಣೆ ಕೆತ್ತುತ್ತ ಬಂದಿದ್ದಾರೆ. ಭೌಗೋಳಿಕ ಸೂಚಿಕೆಯ ಮಾನ್ಯತೆ, ಅಂದರೆ ಜಿ.ಐ. ಟ್ಯಾಗ್ ಕೂಡ ಬೊಬ್ಬಿಲಿ ವೀಣೆಗೆ ಬಂದು ಒಂದು ದಶಕವೇ ಕಳೆದಿದೆ. ನೂಜಿವೀಡಿನ ವೀಣೆಯನ್ನು ಬೊಬ್ಬಿಲಿಗೆ ಒಯ್ಯುವುದು ಒಂದು ಮನೆಯ ಕೂಸನ್ನು ಇನ್ನೊಂದು ಮನೆಯ ಅಜ್ಜಿಗೆ ತೋರಿಸಿದಂತೆ. ಏನೆನ್ನುತ್ತಾರೋ ಎಂಬ ಅಳುಕಿತ್ತು. ನಮ್ಮ ವೀಣೆಯನ್ನು ನೋಡಿದ ಹಿರಿಯ ಕುಶಲಕರ್ಮಿ ಏನೂ ಅನ್ನಲಿಲ್ಲ. ಕೊಡವನ್ನು ಬೆರಳ ಗೆಣ್ಣಿನಿಂದ ನಾಲ್ಕಾರು ಕಡೆ ತಟ್ಟಿ ಕೇಳಿದರು. ಮುರಿದ ತುಂಡುಗಳನ್ನು ಅಂಟಿಸಿ ನೋಡಬಾರದೆ ಎಂದಾಗ, ಏಳು ತಂತಿಗಳನ್ನು ಬಿಗಿದರೆ ಆ ಜಾಗ ಮತ್ತೆ ಬಾಯಿ ಬಿಡುತ್ತದೆ, ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ ಎಂದರು. ಮೊದಲು ಕುದುರೆಯಿಂದ ಮೇರುವಿನವರೆಗಿನ ಉದ್ದವನ್ನು ದಾರದಿಂದ ಅಳೆದು ದಾರಕ್ಕೆ ಗಂಟು ಹಾಕಿ ಜೇಬಿನಲ್ಲಿಟ್ಟುಕೊಂಡರು. ಆ ಗಂಟಿನಷ್ಟೇ ಉದ್ದ ಹೊಸ ದಂಡಿಯಲ್ಲಿಯೂ ಬರಬೇಕು, ಇಲ್ಲದಿದ್ದರೆ ಆ ಕೊಡಕ್ಕೆ ಆ ಶ್ರುತಿ ಒಗ್ಗುವುದಿಲ್ಲ.

ಮೂರು ತಿಂಗಳು ಹಿಡಿಯಿತು. ವರ್ಷಗಟ್ಟಲೆ ನೆರಳಿನಲ್ಲಿ ಒಣಗಿದ ಹಲಸು ಬೇಕು, ಹಸಿ ಮರ ಬಳಸಿದರೆ ಸಮುದ್ರದ ಗಾಳಿಗೆ ಹುರಿಗೊಳ್ಳುತ್ತದೆ. ಕೊಡದ ಹೆಗಲಿನಲ್ಲಿ ಓರೆಯಾಗಿ ಕೊಯ್ದು, ಹೊಸ ದಂಡಿಯ ಬುಡವನ್ನೂ ಅಷ್ಟೇ ಓರೆಯಾಗಿ ಕೊಯ್ದು, ಒಂದರ ಮೇಲೊಂದು ಮಲಗಿಸಿ ಬೆಸೆದರು. ಇನ್ನೊಂದು ತುದಿಯಲ್ಲಿ ಹಳೆಯ ಯಾಳಿಯನ್ನೇ ಉಳಿಸಿ ಹೊಸ ದಂಡಿಗೆ ಕೂಡಿಸಿದರು. ಪಿಟೀಲಿನ ಸುರುಳಿಯ ಸಂಗತಿ ಅವರಿಗೆ ಗೊತ್ತಿರಲಿಲ್ಲ, ನಾವು ಹೇಳಲೂ ಇಲ್ಲ. ‘ಮುಖ ಹಳೆಯದೇ ಇರಲಿ, ಮನೆಯವರಿಗೆ ಗುರುತು ಸಿಗುತ್ತದೆ’ ಎಂದಷ್ಟೇ ಅಂದರು. ಸಂದಿನ ಮೇಲೆ ಪಟ್ಟಿ ಅಂಟಿಸಿ ಮರೆಮಾಡಲೇ ಎಂದು ಕೇಳಿದಾಗ ಬೇಡವೆಂದೆವು. ದಂಡಿಯ ಒಳಗನ್ನು ಮುಚ್ಚುವ ಮುಂಚೆ ಅಲ್ಲಿ ದಿನಾಂಕವನ್ನೂ ತಮ್ಮ ಹೆಸರನ್ನೂ ಬರೆಯಬೇಕೆಂದು ಕೇಳಿಕೊಂಡೆವು. ಅವರು ನಕ್ಕರು. ವೀಣೆ ಮಾಡಿದಾಗ ಹೆಸರು ಕೇಳುತ್ತಾರೆ, ರಿಪೇರಿಗೆ ಯಾರೂ ಕೇಳಿಲ್ಲ ಎಂದರು. ಆಮೇಲೆ ಪೆನ್ಸಿಲಿನಿಂದ ತೆಲುಗಿನಲ್ಲಿ ಬರೆದರು. ನಮ್ಮ ಲಿಪಿ ಬಲ್ಲವರಿಗೂ ಓದಲು ಕಷ್ಟವಾಗದು.

ಆ ನಗೆಯಲ್ಲಿ ನಮ್ಮ ಆಕ್ಷೇಪವೆಲ್ಲ ಅಡಗಿದೆ. ಅವರ ಕೆಲಸದ ಮನೆಯಲ್ಲಿ ಆ ದಿನ ನಿಜವಾದ ವೀಣೆಗಳು ಎರಡೋ ಮೂರೋ ಇದ್ದವು. ಮಿಕ್ಕದ್ದೆಲ್ಲ ಮೊಳದುದ್ದದ, ಗೇಣುದ್ದದ ಗೊಂಬೆವೀಣೆಗಳು. ಸಚಿವರಿಗೆ, ಸಮ್ಮೇಳನದ ಅತಿಥಿಗಳಿಗೆ, ನಿವೃತ್ತರಾಗುವ ಅಧಿಕಾರಿಗಳಿಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಡುವಂಥವು. ನಮ್ಮ ಕಚೇರಿಯಲ್ಲಿಯೂ ಕೊಟ್ಟಿದ್ದೇವೆ, ನಮ್ಮ ಕೈಯಿಂದಲೇ ಅದರ ಬಿಲ್ ಪಾಸಾಗಿದೆ. ಅದರಿಂದ ಆ ಮನೆಗಳ ಒಲೆ ಉರಿಯುತ್ತದೆ, ಆದ್ದರಿಂದ ಅದನ್ನು ಹಗುರವಾಗಿ ಮಾತಾಡುವ ಅಧಿಕಾರ ನಮಗಿಲ್ಲ. ಆದರೂ ನುಡಿಯದ ವೀಣೆಗೆ ಇರುವ ಮಾರುಕಟ್ಟೆ ನುಡಿಯುವ ವೀಣೆಯ ದುರಸ್ತಿಗೆ ಇಲ್ಲ ಎಂಬುದನ್ನು ಹೇಳಬೇಕು. ಕರಕುಶಲ ಯೋಜನೆಗಳು ಎಷ್ಟು ಹೊಸ ವೀಣೆ ತಯಾರಾಯಿತೆಂದು ಲೆಕ್ಕ ಕೇಳುತ್ತವೆ. ಎಷ್ಟು ಹಳೆಯ ವೀಣೆಗೆ ಮತ್ತೆ ಮೇಳ ಕಟ್ಟಿದಿರಿ, ಎಷ್ಟು ದಂಡಿ ಬದಲಾಯಿಸಿದಿರಿ ಎಂದು ಕೇಳುವ ಕಾಲಂ ಯಾವ ನಮೂನೆಯಲ್ಲಿಯೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ದೊಡ್ಡ ಹಲಸಿನ ದಿಮ್ಮಿಗಳು ಸುಲಭವಾಗಿ ಸಿಗದ ಈ ಕಾಲದಲ್ಲಿ ಏಕಾಂಡವೇ ಶ್ರೇಷ್ಠವೆಂದು ಹಟ ಹಿಡಿದರೆ ಮುಂದೆ ಮಾಡಲು ಮರವಿಲ್ಲ, ಹಿಂದಿನದನ್ನು ಉಳಿಸಲು ಮನಸ್ಸಿಲ್ಲ ಎಂಬಂತಾದೀತು. ಸಂಗೀತ ಕಾಲೇಜುಗಳ ಮೂಲೆಕೋಣೆಗಳಲ್ಲಿ ಬಿರುಕು ಬಿಟ್ಟ ವೀಣೆಗಳು ಸಾಲಾಗಿ ಒರಗಿರುವುದನ್ನು ಕಂಡವರಿಗೆ ಇದು ಉತ್ಪ್ರೇಕ್ಷೆ ಎನ್ನಿಸದು. ಅವುಗಳಲ್ಲಿ ಎಷ್ಟರ ಕೊಡ ಇನ್ನೂ ಗಟ್ಟಿಯಾಗಿದೆಯೋ ಎಂದು ಬೆರಳ ಗೆಣ್ಣಿನಿಂದ ತಟ್ಟಿ ನೋಡುವವರು ಬೇಕು. ವಾರಕ್ಕೊಮ್ಮೆ ಬಂದುಹೋಗುವ ಒಬ್ಬ ಮೇಳಗಾರನಿಗೆ ಸಂಭಾವನೆ ಕೊಟ್ಟರೆ ಎಷ್ಟೋ ವೀಣೆಗಳು ಮತ್ತೆ ಪಾಠಕ್ಕೆ ಬರುತ್ತವೆ.

ಹೊರನಾಡಿನಲ್ಲಿ ಬದುಕುವ ನಮ್ಮಂಥವರಿಗೆ ಇಲ್ಲೊಂದು ಉಪಮೆ ತಾನಾಗಿಯೇ ಎದುರಾಗುತ್ತದೆ: ಹಳೆಯ ಕೊಡ, ಹೊಸ ನೆಲದ ದಂಡಿ, ಮಕ್ಕಳ ಬೆರಕೆ ಕನ್ನಡ ಇತ್ಯಾದಿ. ಅದನ್ನು ಬೆಳೆಸುವ ಆಸೆಯನ್ನು ತಡೆದುಕೊಂಡಿದ್ದೇವೆ. ಮನುಷ್ಯರು ವೀಣೆಗಳಲ್ಲ. ನಮ್ಮ ಹುಡುಗಿಗೆ ತಾನು ಜೋಡಣೆಯವಳೆಂದು ಯಾರಾದರೂ ಹೇಳಿದರೆ ಅವಳು ಸುಮ್ಮನಿರುವವಳೂ ಅಲ್ಲ.

ವೀಣೆ ಮನೆಗೆ ಬಂತು. ನಾದ ಅದೇ ಎಂದು ಹೇಳಿದರೆ ಸುಳ್ಳಾದೀತು. ಮಂದ್ರದ ತಂತಿ ಮೊದಲಿಗಿಂತ ತುಸು ಗಡುಸು. ಸಾರಣಿಯ ಮೇಲೆ ಸ್ವರ ಮೊದಲು ನಿಲ್ಲುತ್ತಿದ್ದಷ್ಟು ಹೊತ್ತು ನಿಲ್ಲುವುದಿಲ್ಲವೆಂದು ನಮ್ಮಲ್ಲಿ ಒಬ್ಬರ ಅಭಿಪ್ರಾಯ. ಅದು ಹೊಸ ಮೇಣದ ದೆಸೆಯಿಂದ, ನುಡಿಸುತ್ತ ಹೋದರೆ ಸರಿಹೋಗುತ್ತದೆ ಎಂದು ಶಿಕ್ಷಕಿಯವರು. ಹೊಸ ದಂಡಿಯ ಬಣ್ಣ ಹಳೆಯ ಕೊಡಕ್ಕಿಂತ ಒಂದು ಛಾಯೆ ತಿಳಿ. ಸಂದು ಓರೆಯಾದ ಒಂದು ಗೆರೆಯಾಗಿ ಕಾಣುತ್ತದೆ, ಉಗುರು ಮಾತ್ರ ಸಿಕ್ಕುವುದಿಲ್ಲ.

ಸಂಕ್ರಾಂತಿಗೆ ಅಕ್ಕ ಬಂದಳು. ಕುಶಲಕರ್ಮಿ ಹಳೆಯ ದಂಡಿಯ ಸವೆದ ಭಾಗವನ್ನು ಒಂದು ಮೊಳ ಕೊಯ್ದು ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು, ಅದನ್ನು ಆಕೆಯ ಕೈಗಿತ್ತೆವು. ಹೆಬ್ಬೆರಳನ್ನು ತಗ್ಗಿನಲ್ಲಿ ಇಟ್ಟು ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಅದನ್ನು ಚೀಲದಲ್ಲಿ ಇಟ್ಟುಕೊಂಡು, ಹುಡುಗಿಯನ್ನು ಕರೆದು ವರ್ಣ ನುಡಿಸೆಂದಳು. ಚರಣಕ್ಕೆ ಬರುವ ಮೊದಲೇ ನಿಲ್ಲಿಸಿ, ‘ಇದರ ಅಂತರಗಾಂಧಾರದ ಮೆಟ್ಟಿಲು ಸರಿಯಿಲ್ಲ, ಕೂದಲೆಳೆ ಮೇಲೆ ಕೂತಿದೆ’ ಎಂದಳು. ಶಿಕ್ಷಕಿಯವರೂ ಅದನ್ನೇ ಹೇಳಿದ್ದರು. ಬಿಸಿಲೇರುವ ಮುಂಚೆ, ಮಾರ್ಚಿಯೊಳಗೆ, ಗೊಲ್ಲಪಲ್ಲಿಗೆ ಇನ್ನೊಮ್ಮೆ ಹೋಗಿಬರಬೇಕು. ಈ ಸಲ ತಾನೂ ಬರುತ್ತೇನೆಂದು ಅಕ್ಕ ಹೇಳಿದ್ದಾಳೆ.